ಮೊಮ್ಮಗಳು ಬಿಟ್ಟ ಖಾಲಿ ಜಾಗ

ಮದುವೆ ಮುಂಜಿಗೆ ಒಯ್ಯುವ ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿದರೆ ಸುಣ್ಣದ ಡಬ್ಬಿ ಸಿಗಬೇಕು. ಇವತ್ತು ಬೆಳಿಗ್ಗೆ ಸಿಕ್ಕಿದ್ದು ಒಂದು ಕಪ್ಪು ಮುಚ್ಚಳ. ದುಂಡಗೆ, ಹಗುರವಾಗಿ, ಹಿಂಡಿದರೆ ಒಳಕ್ಕೆ ಹೋಗುವ ಎರಡು ಕಿವಿ ಬೇರೆ. ಯಾವುದೋ ಉಪ್ಪಿನಕಾಯಿ ಭರಣಿಯದು ಇರಬೇಕು ಅಂದುಕೊಂಡೆ. ಆಮೇಲೆ ಅದರ ಅಂಚಿಗೆ ಅಂಟಿದ್ದ ಅರಿಶಿನದ ಅಕ್ಕಿಕಾಳು ಕಾಣಿಸಿತು ನೋಡಿ, ತಕ್ಷಣ ನೆನಪಾಯಿತು. ಇದು ನನ್ನ ಮೊಮ್ಮಗಳು ಇಂಚರನ ಉದ್ದ ಲೆನ್ಸಿನ ಮುಚ್ಚಳ! ಗುಬ್ಬಿಯ ಮದುವೆಯಲ್ಲಿ "ಅಜ್ಜಿ, ಇದನ್ನ ಜೋಪಾನವಾಗಿ ಇಟ್ಕೋ" ಅಂತ ನನ್ನ ಕೈಗೆ ಕೊಟ್ಟಿದ್ದಳು. ನಾನೂ ಜೋಪಾನವಾಗಿಯೇ ಇಟ್ಟಿದ್ದೇನೆ. ಎಷ್ಟು ಜೋಪಾನ ಎಂದರೆ, ಅವಳು ಮನೆಯೆಲ್ಲ ತಡಕಿ, ನನ್ನನ್ನೂ ಕೇಳಿ, ನಾನು "ನಂಗೇನ್ ಗೊತ್ತಮ್ಮ ನಿನ್ ಸಾಮಾನು" ಅಂತ ಗದರಿ, ಕೊನೆಗೆ ಆ ದುಬಾರಿ ಲೆನ್ಸಿನ ಮೂತಿಗೆ ಅವರಪ್ಪನ ಕಾಲುಚೀಲ ಹಾಕಿಕೊಂಡು ಇವತ್ತು ಬೆಳಿಗ್ಗೆ ಕುಣಿಗಲ್‌ಗೆ ಹೋದಳು.

ಅಲ್ಲಿ ಒಂದು ದೊಡ್ಡ ಮದುವೆ. ಇವತ್ತು ಸಂಜೆ ರಿಸೆಪ್ಷನ್, ನಾಳೆ ಧಾರೆ. ವಿಡಿಯೋ ತೆಗೆಯುವವಳು ನನ್ನ ಇಂಚರ. ಲೈಟ್ ಹಿಡಿಯುವವಳಲ್ಲ, ವೈರು ಸುತ್ತುವವಳಲ್ಲ. ದೊಡ್ಡ ಕ್ಯಾಮೆರಾ ಹಿಡಿಯುವವಳು! ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಹಾಲಿನವರಿಗೆ, ಸೊಪ್ಪಿನವರಿಗೆ, ಕರೆಂಟಿನ ಮೀಟರ್ ನೋಡಲು ಬಂದ ಹುಡುಗನಿಗೆ, ಎಲ್ಲರಿಗೂ ಹೇಳಿಯಾಯಿತು. ಇನ್ನು ನಿಮಗೊಬ್ಬರಿಗೆ ಹೇಳುವುದು ಬಾಕಿ ಇತ್ತು.

ನಾನು ಓದಿದ್ದು ಊರ್ಡಿಗೆರೆ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಆದ್ದರಿಂದ ಲೆನ್ಸು, ಫ್ರೇಮು ಅಂತೆಲ್ಲ ನಾನು ಬರೆದರೆ ನೀವು ನಗಬಹುದು. ನಗಿ. ನನಗೆ ಇದನ್ನೆಲ್ಲ ಕಲಿಸಿದವಳೂ ನಗುತ್ತಲೇ ಕಲಿಸಿದಳು.

ನಮ್ಮ ಕಾಲದ ಫೋಟೋ ಎಂದರೆ ಹೇಗಿತ್ತು ಹೇಳಿ? ಇಡೀ ಆಳು ಬರಬೇಕು. ತಲೆಯ ಹೂವಿನಿಂದ ಕಾಲಿನ ಚಪ್ಪಲಿಯವರೆಗೆ. ಅದರಲ್ಲೂ ಚಪ್ಪಲಿ ಬರಲೇಬೇಕು, ಯಾಕೆಂದರೆ ಅದು ಫೋಟೋಗೆಂದೇ ಕೊಂಡ ಹೊಸ ಚಪ್ಪಲಿ. ನನ್ನ ಮದುವೆಯಾದ ಹೊಸದರಲ್ಲಿ ಗುಬ್ಬಿಯ ಒಂದು ಸ್ಟುಡಿಯೋಗೆ ಹೋಗಿದ್ದೆವು. ನಾನು, ನನ್ನ ಯಜಮಾನರು, ನಮ್ಮತ್ತೆ. ಮೂರು ಜನ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರೆ ಆಗಿಬರುವುದಿಲ್ಲ ಅಂತ ನಮ್ಮತ್ತೆ ಹಟ ಹಿಡಿದರು. ಸ್ಟುಡಿಯೋದವನಿಗೆ ಇಂಥವರು ದಿನಾ ಬರುತ್ತಿದ್ದರು ಅಂತ ಕಾಣುತ್ತದೆ. ಮಾತಿಲ್ಲದೆ ಒಳಗಿನಿಂದ ಗಾರೆಯ ನಾಯಿಯೊಂದನ್ನು ತಂದು ನನ್ನ ಪಕ್ಕದಲ್ಲಿ ಇಟ್ಟ. ನಾಲ್ಕಾಯಿತು. ಇವತ್ತಿಗೂ ಹೊಸಬರು ಯಾರಾದರೂ ಮನೆಗೆ ಬಂದರೆ ಗೋಡೆ ನೋಡಿ "ನಾಯಿ ಚೆನ್ನಾಗಿದೆ, ಏನ್ ಹೆಸರು?" ಅಂತ ಕೇಳುತ್ತಾರೆ. ನಾನು "ಸಿಂಗಾರಿ" ಅನ್ನುತ್ತೇನೆ. ಯಾಕೆ ಸುಮ್ಮನೆ ಬೇಜಾರು ಮಾಡುವುದು.

ಹೀಗೆ ಖಾಲಿ ಜಾಗ ಕಂಡರೆ ನಾಯಿಯನ್ನಾದರೂ ತುಂಬಿಸು ಅಂತ ಬೆಳೆದವಳು ನಾನು. ಚಾಪೆಯಲ್ಲಿ ಜಾಗ ಇದ್ದರೆ ಇನ್ನೊಬ್ಬರನ್ನು ಕರೆಯಬೇಕು. ಬಸ್ಸಿನ ಸೀಟಿನಲ್ಲಿ ಇಬ್ಬರು ಕೂತಿದ್ದರೆ ಒತ್ತರಿಸಿಕೊಂಡು ಮೂರನೆಯವರಿಗೆ ತುದಿ ಕೊಡಬೇಕು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ಇದ್ದಾರಲ್ಲ, ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅಂಥ ಎಷ್ಟೋ ಟವೆಲ್‌ಗಳನ್ನು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಂದ ಕಿಟಕಿಯಿಂದಲೇ ಹೊರಕ್ಕೆ ಎಸೆದು ಬಸುರಿ ಹೆಂಗಸರನ್ನು, ಮುದುಕರನ್ನು ಕೂರಿಸಿದ್ದೇನೆ. ಈ ಟವೆಲಿನ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇಂಚರ ಕೆಲಸ ಮಾಡುವುದು ಶಿರಾ ಗೇಟ್ ಹತ್ತಿರದ ಒಂದು ಸ್ಟುಡಿಯೋದಲ್ಲಿ. ಡಿಗ್ರಿ ಮುಗಿಸಿ ಅಲ್ಲಿ ಸೇರಿದವಳು ಬಹಳ ದಿನ ಬರೀ ಲೈಟ್ ಹಿಡಿದಳು. ಗುಬ್ಬಿಯಲ್ಲಿ ನನ್ನ ತಮ್ಮನ ಮೊಮ್ಮಗಳ ಮದುವೆ ಗೊತ್ತಾದಾಗ ಅವಳೇ ಧೈರ್ಯ ಮಾಡಿ ಸ್ಟುಡಿಯೋ ಯಜಮಾನರನ್ನು ಕೇಳಿದಳಂತೆ, ಇದನ್ನು ನಾನೊಬ್ಬಳೇ ತೆಗೆಯುತ್ತೇನೆ ಅಂತ. ಅವರು ಒಳ್ಳೆಯ ಮನುಷ್ಯರು. "ಆಯ್ತಮ್ಮ. ಸರಿಯಾಗಿ ಬಂದ್ರೆ ಇನ್ಮೇಲೆ ಮೇನ್ ಕ್ಯಾಮೆರಾ ನಿಂದು. ಬರ್ಲಿಲ್ಲ ಅಂದ್ರೆ ಲೈಟ್ ಹೆಂಗೂ ಇದ್ದೇ ಇದೆ" ಅಂದರಂತೆ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದಳು. ನನಗೋ, ಆಗಲೇ ಅವಳಿಗೆ ದೃಷ್ಟಿ ತೆಗೆದುಬಿಡಬೇಕು ಅನ್ನಿಸಿತು.

ಅವತ್ತಿನಿಂದ ನಮ್ಮ ಮನೆಯಲ್ಲಿ ಅಭ್ಯಾಸ ಶುರು. ಅಭ್ಯಾಸಕ್ಕೆ ಸಿಕ್ಕಿದವಳು ನಾನು. ಮನೆ ಮುಂದಿನ ಮೆಟ್ಟಿಲ ಮೇಲೆ ಅವರೆಕಾಯಿ ಮೊರ ಕೊಟ್ಟು ಕೂರಿಸಿ, "ಅಜ್ಜಿ, ನೀನು ನಿನ್ ಪಾಡಿಗೆ ಸುಲೀತಾ ಇರು" ಅಂದಳು. ಫ್ರೇಮಿನಲ್ಲಿ ಅಡ್ಡ, ಉದ್ದ ಗೆರೆ ಇರುತ್ತವಂತೆ. ತೋರಿಸಿದಳು. ನನಗೆ ಚೌಕಾಬಾರದ ಮನೆ ಕಂಡ ಹಾಗಾಯಿತು.

"ಆಳನ್ನ ನಡುಮನೇಲಿ ಕೂರಿಸ್ಬಾರ್ದು ಅಜ್ಜಿ. ಗೆರೆ ಮೇಲೆ ಕೂರಿಸ್ಬೇಕು."

"ಗೆರೆ ಮೇಲೆ ಕಾಯಿ ಇಟ್ರೆ ಮೋಸ ಅಂತಾರೆ ಕಣೇ ನಮ್ಮಲ್ಲಿ."

"ಇದು ಆಟ ಅಲ್ಲ ಅಜ್ಜಿ. ಸುಲಿ ನೀನು."

ಸುಲಿದೆ. ಸುಲಿಯುತ್ತಾ ಸುಲಿಯುತ್ತಾ ನಡುವಿಗೆ ಜರುಗಿದೆ. ಪಾಪ, ಹುಡುಗಿ ಓರೆಯಾಗಿ ಇಟ್ಟಿದ್ದಾಳೆ, ನಾನಾದರೂ ಸರಿಮಾಡೋಣ ಅಂತ.

"ಅಜ್ಜೀ! ಯಾಕ್ ಸರಿದೆ?"

"ನಡುವೆ ಬಂದೆ. ಪಕ್ಕ ಅಷ್ಟೊಂದು ಖಾಲಿ ಬಿಟ್ಟಿದ್ದೀಯಲ್ಲ, ಯಾರ್ ಬರ್ತಾರೆ ಅಲ್ಲಿ?"

"ಯಾರೂ ಬರಲ್ಲ. ನೀನು ಆ ಕಡೆ ತಿರುಗಿ ನೋಡ್ತಾ ಇದೀಯಲ್ಲ, ನಿನ್ನ ನೋಟಕ್ಕೆ ಜಾಗ ಬೇಕು. ಅದಕ್ಕೆ ಬಿಟ್ಟಿರೋದು."

ನೋಟಕ್ಕೆ ಜಾಗ! ಆಳಿಗೆ ಜಾಗ ಕೇಳಿದ್ದೇನೆ, ಗಂಟುಮೂಟೆಗೆ ಜಾಗ ಕೇಳಿದ್ದೇನೆ, ಕೋಳಿ ಬುಟ್ಟಿಗೆ ಜಾಗ ಕೇಳಿದವರನ್ನೂ ನೋಡಿದ್ದೇನೆ. ನೋಟಕ್ಕೆ ಸೀಟು ಹಿಡಿಯುವುದನ್ನು ಮಾತ್ರ ಇದೇ ಮೊದಲು ಕೇಳಿದ್ದು. ಸರಿ ಅಂದೆ. ಆದರೆ ಪಕ್ಕದಲ್ಲಿ ಅಷ್ಟು ಜಾಗ ಬಣಗುಡುತ್ತಿದ್ದರೆ ಕೈ ಓಡಬೇಕಲ್ಲ? ಎದುರುಮನೆ ನಾಗರತ್ನ ಬಾಗಿಲಿಗೆ ಬಂದದ್ದೇ ತಡ, "ಬಾರೇ, ಜಾಗ ಐತೆ, ನಾಲ್ಕು ಕಾಯಿ ಸುಲಿ" ಅಂದೆ. ಅವಳೂ ಬಂದು ನನ್ನ ನೋಟದ ಮೇಲೆ ದಬಕ್ಕನೆ ಕೂತಳು. ಇಂಚರ ಕ್ಯಾಮೆರಾ ಇಳಿಸಿ ತಲೆ ಚಚ್ಚಿಕೊಂಡಳು.

ಲೆನ್ಸುಗಳ ಪಾಠ ಇನ್ನೂ ಮಜಾ. ಮೊದಲು ಒಂದು ಮೋಟು ಲೆನ್ಸು ಹಾಕಿದಳು. ಅದು ಬಹಳ ದುರಾಸೆಯದು. ಮನೆ, ಮೆಟ್ಟಿಲು, ತೊಟ್ಟಿ, ಬೀದಿ, ಎಲ್ಲವನ್ನೂ ಒಂದೇ ಸಲ ಬಾಚಿಕೊಳ್ಳುತ್ತದೆ. ಆದರೆ ಹತ್ತಿರ ಹಿಡಿದರೆ ನನ್ನ ಮೂಗು ಗುಂಡುಬದನೆಕಾಯಿ, ಕಿವಿ ಎಲ್ಲೋ ಹಿತ್ತಲಲ್ಲಿ. "ಇದ್ಯಾವ ಮುದುಕಿ?" ಅಂದೆ. "ನೀನೇ" ಅಂದಳು. ಆ ಲೆನ್ಸನ್ನು ನಾನು ಕ್ಷಮಿಸಿಲ್ಲ.

ಆಮೇಲೆ ಬಂತು ನೋಡಿ ಉದ್ದದ್ದು. ಅದನ್ನು ಹಾಕಿಕೊಂಡು ಅವಳು ಬೀದಿಯ ಆ ತುದಿಗೆ ಹೋಗಿ ನಿಂತಳು. ಅಷ್ಟು ದೂರದಿಂದ ಏನು ಬಂದೀತು ಅಂದುಕೊಂಡರೆ, ತಂದು ತೋರಿಸಿದಾಗ ನನ್ನ ಮುಖ ಕೈಗೆ ಸಿಗುವಷ್ಟು ಹತ್ತಿರ. ಹಿಂದಿನದೆಲ್ಲ ಬೆಣ್ಣೆ ಹಾಗೆ ಕರಗಿಹೋಗಿದೆ. ನನ್ನ ಬೆನ್ನ ಹಿಂದೆ, ನಾಗರತ್ನ ಒಣಗಲು ಹಾಕಿದ್ದ ಅವರ ಯಜಮಾನರ ಪಟಾಪಟಿ ಚಡ್ಡಿಗಳ ಸಾಲು ಇತ್ತು. ಈ ಲೆನ್ಸಿನಲ್ಲಿ ಅದು ಹೂವಿನ ತೋಟ! ನೀಲಿ, ಹಸಿರು, ಕೆಂಪು ಗುಂಡುಗುಂಡಾಗಿ ತೇಲುತ್ತಿತ್ತು. ನಾಗರತ್ನ ಬಂದು ನೋಡಿ "ಅಜ್ಜಿ, ಇದು ಯಾವ ಪಾರ್ಕು?" ಅಂತ ಕೇಳಿದಳು. ನಾನು ಹೇಳಲಿಲ್ಲ.

ಅವತ್ತೇ ಇಂಚರ ತೀರ್ಮಾನ ಮಾಡಿದಳು, ಗುಬ್ಬಿಯ ಮುಹೂರ್ತವನ್ನು ಈ ಉದ್ದ ಲೆನ್ಸಿನಲ್ಲೇ ತೆಗೆಯುವುದು ಅಂತ. ಅವಳ ವಾದ ನನಗೂ ಸರಿ ಕಂಡಿತು. ನಮ್ಮ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿಗೆ ಕ್ಯಾಮೆರಾದವರೆಲ್ಲ ಮಂಟಪ ಹತ್ತಿ, ಬಗ್ಗಿ, ಕೂತವರಿಗೆ ತಮ್ಮ ಪ್ಯಾಂಟಿನ ಹಿಂಭಾಗ ಮಾತ್ರ ತೋರಿಸುತ್ತಾರೆ. ಇವಳು ಹಾಗೆ ಮಾಡುವುದಿಲ್ಲವಂತೆ. ಛತ್ರದ ಹಿಂಬಾಗಿಲ ಹತ್ತಿರ, ಕೂತ ಹುಡುಗಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು, ಜನರ ನಡುವಿನಿಂದ ಒಂದೇ ಗೆರೆಯಲ್ಲಿ ಮಂಟಪ ನೋಡುವಂತೆ ತೆಗೆಯುತ್ತಾಳಂತೆ.

ಮದುವೆಯ ದಿನ ನನ್ನ ತಮ್ಮನ ಹೆಂಡತಿ ಗೌರಮ್ಮ ಇದನ್ನು ಕೇಳಿದ್ದೇ ಸೊಂಟಕ್ಕೆ ಕೈ ಇಟ್ಟಳು. ಹುಡುಗಿಯ ಅಜ್ಜಿ ಅವಳು. ಛತ್ರದಲ್ಲಿ ಅವಳದೇ ಕಾರುಬಾರು.

"ಏನತ್ಗೆ, ನಿಮ್ ಮೊಮ್ಮಗಳು ಮಂಟಪ ಹತ್ತಲ್ವಂತೆ? ಚಪ್ಪಲಿ ಬಿಡೋ ಜಾಗದಲ್ಲಿ ನಿಂತ್ಕೋತಾಳಂತೆ? ಅಲ್ಲಿಂದ ಏನ್ ಕಾಣುತ್ತೆ, ಚಪ್ಪಲಿ?"

"ಅದು ಉದ್ದದ ಲೆನ್ಸು ಕಣೇ. ಪಟಾಪಟಿ ಚಡ್ಡೀನೇ ಹೂವಿನ ತೋಟ ಮಾಡುತ್ತೆ."

"ಚಡ್ಡಿ ಕಟ್ಕೊಂಡು ನಂಗೇನಾಗ್ಬೇಕು? ತಾಳಿ ಕಟ್ಟೋದು ಒಂದೇ ಸಲ ಅತ್ಗೆ. ಅದು ಬರ್ದೆ ಹೋದ್ರೆ ನಿಮ್ಮನ್ನೇ ಕೇಳೋದು ನಾನು."

ಇಂಚರ ಕ್ಯಾಮೆರಾ ಸ್ಟ್ಯಾಂಡನ್ನು ಹಿಂಬಾಗಿಲ ಹತ್ತಿರವೇ ಊರಿದಳು. ಲೆನ್ಸಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟಳು. ಆಗ ಕೊಟ್ಟದ್ದು ಇದು.

ಛತ್ರ ತುಂಬಿತು. ಗಂಡಿನ ಕಡೆಯವರು ಕುಣಿಗಲ್‌ನವರು. ಬಸ್ಸು ತಡವಾಗಿ, ಅವರ ದಂಡು ಬರುವ ಹೊತ್ತಿಗೆ ಕುರ್ಚಿಗಳೆಲ್ಲ ಭರ್ತಿ. ಗಂಡಿನ ಸೋದರಮಾವ ರುದ್ರಪ್ಪನವರು, ತಲೆಯ ಮೇಲೆ ಇಷ್ಟೆತ್ತರದ ಪೇಟ, ಪಕ್ಕದಲ್ಲಿ ಅವರ ಮುದಿ ತಾಯಿ, ಎಲ್ಲರೂ ಗೋಡೆಗೆ ಒರಗಿ ನಿಂತಿದ್ದಾರೆ. ಬೀಗರು ನಿಂತಿದ್ದಾರೆ! ಸುತ್ತ ನೋಡಿದೆ. ನಡುವಿನಲ್ಲಿ, ಮಂಟಪಕ್ಕೆ ನೇರವಾಗಿ, ಮುಂದಿನಿಂದ ಹಿಂದಿನವರೆಗೆ ಕುರ್ಚಿಗಳ ಒಂದು ಪಟ್ಟಿ ಪೂರಾ ಖಾಲಿ. ಕುರ್ಚಿಗಳಿಗೆ ಅಡ್ಡಲಾಗಿ ಯಾರೋ ಹಸಿರು ವೇಲು ಕಟ್ಟಿದ್ದಾರೆ.

ಬಸ್ಸಿಗೆ ಟವೆಲ್ ಎಸೆಯುವ ಜನ ಛತ್ರಕ್ಕೂ ಬಂದರಲ್ಲ ಅಂತ ನನಗೆ ಬಂದ ಸಿಟ್ಟು ಹೇಳತೀರದು. ವೇಲು ಕಿತ್ತೆ, ಮುದುರಿ ಬಿಸಾಕಿದೆ. "ಬನ್ನಿ ಬೀಗರೆ, ಬನ್ನಿ, ಜಾಗ ಐತೆ! ಯಾರ್ ಏನಂತಾರೋ ನಾನ್ ನೋಡ್ಕೋತೀನಿ!" ಅಂತ ಇಡೀ ಕುಣಿಗಲ್ ದಂಡನ್ನು ಅಲ್ಲಿ ಕೂರಿಸಿದೆ. ರುದ್ರಪ್ಪನವರು ಕೈಮುಗಿದರು. ಅವರ ತಾಯಿ "ತಣ್ಣಗಿರವ್ವ" ಅಂದರು. ಹೆಮ್ಮೆಯಿಂದ ಹಿಂದಕ್ಕೆ ತಿರುಗಿದೆ, ಮೊಮ್ಮಗಳೂ ನೋಡಲಿ ಅಂತ.

ನೋಡುತ್ತಿದ್ದಳು. ತಲೆಯ ಮೇಲೆ ಕೈ ಹೊತ್ತುಕೊಂಡಿದ್ದಳು. ಆಗ ಗಮನಿಸಿದೆ: ಬೆಳಿಗ್ಗೆ ಅವಳ ಹೆಗಲ ಮೇಲಿದ್ದ ಹಸಿರು ವೇಲು ಈಗ ಇಲ್ಲ.

ಓಡಿಹೋಗಿ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಇಣುಕಿದೆ. ಮಂಟಪ ಇಲ್ಲ, ಹುಡುಗಿ ಇಲ್ಲ, ಹುಡುಗ ಇಲ್ಲ. ಇದ್ದದ್ದು ರುದ್ರಪ್ಪನವರ ಪೇಟ. ಅದರ ಒಂದೊಂದು ಮಡಿಕೆಯೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು. ಒಳ್ಳೆಯ ಲೆನ್ಸು, ಅದರಲ್ಲಿ ಎರಡು ಮಾತಿಲ್ಲ.

"ಅಜ್ಜಿ," ಅಂದಳು ಇಂಚರ. "ಆ ಜಾಗ ನಾನೇ ಬಿಟ್ಟಿದ್ದು."

ಮೋಟು ಲೆನ್ಸು ಹಾಕಿಕೊಂಡು ಮುಂದಕ್ಕೆ ಓಡೋಣವೆಂದರೆ ಮಂಟಪದ ಮೆಟ್ಟಿಲ ತುಂಬ ಹೆಂಗಸರು. ಪುರೋಹಿತರು ಆಗಲೇ ವಾಲಗದವರ ಕಡೆ ಬೆರಳು ಎತ್ತಿ ತಯಾರಿರಿ ಅನ್ನುತ್ತಿದ್ದಾರೆ. ನಾನು ರುದ್ರಪ್ಪನವರ ಹತ್ತಿರ ಹೋಗಿ ಬಗ್ಗಿದೆ.

"ಬೀಗರೆ, ಒಂಚೂರು ಏಳ್ತೀರಾ?"

"ಏನಜ್ಜಿ ಇದು? ಕರೆದು ಕೂರಿಸ್ದೋರೂ ನೀವೇ, ಏಳಿ ಅನ್ನೋರೂ ನೀವೇ. ಕುಣಿಗಲ್ನೋರು ಅಂದ್ರೆ ಏನಂದ್ಕೊಂಡಿದ್ದೀರ?"

ಕೂತ ಬೀಗರನ್ನು ಏಳಿಸುವುದು ಯಾರಿಂದಲೂ ಆಗದ ಕೆಲಸ. ಹಿಂದೆ ನೋಡಿದರೆ ಇಂಚರ ಸೋತ ಮುಖದಲ್ಲಿ ನಿಂತಿದ್ದಾಳೆ. ಆ ಮುಖ ನೋಡಿ ನನ್ನ ಬುದ್ಧಿ ಎಲ್ಲಿ ಹೋಯಿತೋ, ಬಾಯಿ ಮಾತ್ರ ಇತ್ತು. ಕೂಗಿಬಿಟ್ಟೆ:

"ಮೊದಲ್ನೇ ಪಂಕ್ತಿಗೆ ಎಲೆ ಹಾಕವ್ರೇ! ಬೀಗರು ಮೊದ್ಲು ಬರ್ಬೇಕಂತೆ!"

ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಡೀ ಪಟ್ಟಿ ಒಟ್ಟಿಗೆ ಎದ್ದಿತು. ಪೇಟ ಎದ್ದಿತು. ರುದ್ರಪ್ಪನವರು ತಾಯಿಯ ರಟ್ಟೆ ಹಿಡಿದು "ಬಾರವ್ವ, ಆಮೇಲೆ ಜಾಗ ಸಿಗಲ್ಲ" ಅಂತ ಹೊರಟರು. ಅವರ ಹಿಂದೆ ಗುಬ್ಬಿಯವರೂ ಒಂದಿಷ್ಟು ಜನ ನುಗ್ಗಿದರು. ಕುರ್ಚಿ ಉರುಳಿದವು. ಅಷ್ಟರಲ್ಲಿ ಗಟ್ಟಿಮೇಳ ಮೊಳಗಿತು, ತಾಳಿ ಕಟ್ಟಿದ್ದಾಯಿತು. ನಾನು ಎಲ್ಲಿದ್ದೆನೋ ಅಲ್ಲೇ ನಿಂತು ಕೈಯಲ್ಲಿದ್ದ ಅಕ್ಷತೆ ಎಸೆದೆ.

ಊಟದ ಮನೆಯಲ್ಲಿ ಎಲೆಯೂ ಇರಲಿಲ್ಲ, ನೀರೂ ಇರಲಿಲ್ಲ. ಬಾಗಿಲಿಗೆ ಚಿಲಕ. ಕುಣಿಗಲ್‌ನವರು ವಾಪಸ್ ಬರುವಾಗ ಹುಡುಗಿ ಕುತ್ತಿಗೆಯಲ್ಲಿ ತಾಳಿ ಇತ್ತು. ರುದ್ರಪ್ಪನವರು ಆಮೇಲೆ ಉಂಡರು, ಒಬ್ಬಟ್ಟು ಎರಡನೇ ಸಲವೂ ಹಾಕಿಸಿಕೊಂಡರು, ಆದರೆ ಮಾತು ಬಿಟ್ಟರು.

"ಸೋದರಮಾವ ಅಕ್ಷತೆ ಹಾಕ್ಲಿಲ್ಲ ಅತ್ಗೆ," ಅಂದಳು ಗೌರಮ್ಮ ಹಲ್ಲು ಕಚ್ಚಿ. "ನನ್ ಮೊಮ್ಮಗಳ ಮದ್ವೇಲಿ ಬೀಗರನ್ನ ಅಟ್ಟಿಸ್ಕೊಂಡು ಓಡಿಸ್ಬುಟ್ರಲ್ಲ!"

ತುಮಕೂರಿಗೆ ಬರುವ ದಾರಿಯಲ್ಲಿ ಇಂಚರ ಕ್ಯಾಮೆರಾ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟು, ಆ ಕಡೆ ತಿರುಗಿ ಕೂತಳು. ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತಳು. ಊಟಕ್ಕೆ ಕರೆದರೆ "ಎಲೆ ಹಾಕಿದ್ಯಾ ನಿಜವಾಗ್ಲೂ?" ಅಂದಳು. ಅಷ್ಟೇ ಅಂದದ್ದು.

ಬೀಗರ ಔತಣ ಕುಣಿಗಲ್‌ನಲ್ಲಿ. ವಿಡಿಯೋ ಅಲ್ಲಿಗೇ ತರಬೇಕು, ಎಲ್ಲರ ಮುಂದೆ ಹಾಕಬೇಕು ಅಂತ ರುದ್ರಪ್ಪನವರ ಕಡೆಯಿಂದ ಮಾತು ಬಂತು. ಸ್ಟುಡಿಯೋ ಯಜಮಾನರೂ ಬಂದರು. ಹಜಾರದಲ್ಲಿ ದೊಡ್ಡ ಟಿವಿ. ರುದ್ರಪ್ಪನವರು ಎದುರಿಗೇ ಕೂತರು, ಪೇಟ ಇಲ್ಲದೆ. ಗೌರಮ್ಮ ನನ್ನ ಕಡೆ ಒಂದು ನೋಟ ಬೀರಿದಳು, ಅದಕ್ಕೆ ಜಾಗ ಬೇಕಿರಲಿಲ್ಲ, ನೇರ ಬಂದು ನಾಟಿತು. ಇಂಚರ ಗೋಡೆಗೆ ಅಂಟಿಕೊಂಡು ಉಗುರು ಕಚ್ಚುತ್ತಿದ್ದಳು.

ಮೊದಲು ಬಂದದ್ದು ಪೇಟ. ಒಂದು ಕ್ಷಣ ಪರದೆ ತುಂಬ ಪೇಟ. ಮಕ್ಕಳು ಕಿಸಕ್ಕೆಂದರು. ಆಮೇಲೆ ಆ ಪೇಟ ಮೆಲ್ಲಗೆ ಮೇಲೆದ್ದು ಪಕ್ಕಕ್ಕೆ ಸರಿಯಿತು ನೋಡಿ, ನಾಟಕದ ಪರದೆ ಸರಿದ ಹಾಗೆ, ಹಿಂದೆ ಹುಡುಗಿಯ ಮುಖ! ತಗ್ಗಿಸಿದ ಕಣ್ಣು, ರೆಪ್ಪೆಯ ಮೇಲೆ ಒಂದು ಅಕ್ಕಿಕಾಳು. ತಾಳಿ ಕಟ್ಟುವ ಹುಡುಗನ ಬೆರಳು ಗಂಟಿಗೆ ತಡಕುವುದೂ ಕಾಣುತ್ತಿತ್ತು. ಹಿಂದಿನ ದೀಪ, ಹೂವು ಎಲ್ಲ ಕರಗಿ ಬಣ್ಣಬಣ್ಣದ ಗುಂಡು. ಎರಡೂ ಬದಿ ಉರುಳಿದ ಕುರ್ಚಿಗಳೂ ಕರಗಿಹೋಗಿದ್ದವು. ಯಾರ ಬೆನ್ನೂ ಅಡ್ಡ ಇಲ್ಲ.

ಗಟ್ಟಿಮೇಳ ಜೋರಾಯಿತು. ರುದ್ರಪ್ಪನವರ ತಾಯಿ ತಟ್ಟನೆ "ಲೇ, ಅಕ್ಷತೆ ತರ್ರೋ!" ಅಂದರು. "ಅವತ್ತು ಹಾಕಾಕ್ ಆಗ್ಲಿಲ್ಲ, ಈಗ್ಲಾದ್ರೂ ಹಾಕಾನ." ಸೊಸೆ ತಟ್ಟೆ ತಂದಳು. ಆ ಮುದುಕಿ ಎದ್ದು ನಿಂತು ಟಿವಿಗೆ ಅಕ್ಷತೆ ಹಾಕಿದರು. ಮಗನ ಕಡೆ ತಿರುಗಿ, "ಕೂತವ್ನಲ್ಲ ನೋಡು! ನೀನು ಸೋದರಮಾವ ಅಲ್ವೇನ್ಲಾ?" ಅಂದರು. ರುದ್ರಪ್ಪನವರು ಎದ್ದರು. ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡು ಅವರೂ ಹಾಕಿದರು. ಇಡೀ ಕುಣಿಗಲ್ ಎದ್ದು ಹಾಕಿತು. ಹೊಸ ಗಂಡುಹೆಂಡತಿ ಅಲ್ಲೇ ಪಕ್ಕದಲ್ಲಿ ಕೂತಿದ್ದರು, ಅವರ ಮೇಲೆ ಮಾತ್ರ ಯಾರೂ ಹಾಕಲಿಲ್ಲ.

ಕೊನೆಯಲ್ಲಿ ಇನ್ನೊಂದು ದೃಶ್ಯ ಇತ್ತು. ಖಾಲಿ ಕುರ್ಚಿಗಳ ಬದಿಯಲ್ಲಿ, ಪರದೆಯ ಒಂದು ಗೆರೆಯ ಮೇಲೆ, ಒಬ್ಬ ಮುದುಕಿ. ಅವಳ ಮುಂದೆ ಮಂಟಪದವರೆಗೆ ಬರೀ ಜಾಗ. ಎರಡೂ ಕೈ ಎತ್ತಿ ಅಕ್ಷತೆ ಎಸೆದು, ಬಾಯಿ ಇಷ್ಟಗಲ ತೆರೆದು ನಗುತ್ತಾ, ಅಳುತ್ತಾ ನಿಂತಿದ್ದಾಳೆ. ಮೂಗು ಸರಿಯಾಗಿತ್ತು. ಕಿವಿ ಅದರ ಜಾಗದಲ್ಲೇ ಇತ್ತು.

ಇಂಚರ ಬಂದು ನನ್ನ ಕಿವಿಯಲ್ಲಿ, "ಅವತ್ತು ಮಾತ್ರ ನೀನು ಸರಿಯಾದ್ ಜಾಗದಲ್ಲಿ ನಿಂತಿದ್ದೆ ಅಜ್ಜಿ" ಅಂದಳು. ಅವಳ ಕೈ ಹಿಡಿದುಕೊಂಡೆ.

ಸ್ಟುಡಿಯೋ ಯಜಮಾನರು ಅವಳ ಭುಜ ತಟ್ಟಿ, "ಲೈಟ್ ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಬೇಕಲ್ಲಮ್ಮ ನಾನು" ಅಂದರು. ಊಟಕ್ಕೆ ಕೂತಾಗ ಗೌರಮ್ಮ ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಸುರಿದಳು. ರುದ್ರಪ್ಪನವರು ಅಲ್ಲೇ ತಮ್ಮ ಮಗಳ ಮದುವೆಗೆ ಇಂಚರನನ್ನು ಗೊತ್ತುಮಾಡಿದರು.

"ಒಂದೇ ಮಾತು ಕಣಮ್ಮ. ಅಜ್ಜೀನ ಕರ್ಕೊಂಡ್ ಬರ್ಬೇಡ."

"ಬಂದ್ರೆ ಬರ್ಲಿ ಬುಡೋ," ಅಂದರು ಅವರ ತಾಯಿ. "ಬಾಯಿ ಬಿಡ್ದೆ ಇದ್ರೆ ಸಾಕು."

ಆ ಮದುವೆಯೇ ಇವತ್ತಿನದು. ಇಂಚರ ರುದ್ರಪ್ಪನವರ ಮಾತನ್ನು ನೆನಪಿಟ್ಟುಕೊಂಡು ಒಬ್ಬಳೇ ಹೋದಳು. ನಾನು ಅವರ ತಾಯಿಯ ಮಾತನ್ನು ನೆನಪಿಟ್ಟುಕೊಂಡಿದ್ದೇನೆ. ಅಷ್ಟು ಒಳ್ಳೆಯ ಲೆನ್ಸು ಕಾಲುಚೀಲ ಹಾಕಿಕೊಂಡು ಬೀಗರ ಮುಂದೆ ನಿಲ್ಲುವುದು ಚೆನ್ನಾಗಿರುತ್ತದೆಯೇ, ನೀವೇ ಹೇಳಿ. ಮುಚ್ಚಳ ತಲುಪಿಸಬೇಕು. ಕುಣಿಗಲ್ ಬಸ್ಸಿಗೆ ಇನ್ನೂ ಹೊತ್ತಿದೆ, ರೇಷ್ಮೆ ಸೀರೆ ಹೊರಗೆ ತೆಗೆದಿಟ್ಟಿದ್ದೇನೆ. ಹಿಂಬಾಗಿಲ ಹತ್ತಿರ, ಗೋಡೆ ಪಕ್ಕ, ಒಂದು ಬದಿಗೆ ನಿಂತು ನೋಡಿಕೊಂಡು ಬರುತ್ತೇನೆ. ಖಾಲಿ ಕುರ್ಚಿ ಎಷ್ಟೇ ಕಂಡರೂ, ಯಾರು ಎಷ್ಟೇ ಹೊತ್ತು ನಿಂತಿದ್ದರೂ, ನಾನು ಯಾರನ್ನೂ ಕರೆಯುವುದಿಲ್ಲ.

ಕರೆಯಲು ಆಗಬಾರದಲ್ಲ, ಅದಕ್ಕೆ ಚೀಲದ ತುಂಬ ಎಳೆ ವೀಳ್ಯದೆಲೆ ತುಂಬಿಕೊಂಡಿದ್ದೇನೆ. ನಾಳೆ ಛತ್ರದ ಬಾಗಿಲಲ್ಲೇ ಬಾಯಿಗೆ ಹಾಕಿದರೆ, ಗಟ್ಟಿಮೇಳ ಮುಗಿಯುವವರೆಗೂ ಉಗಿಯುವುದಿಲ್ಲ.